ಅಕ್ಕನ ಮಗ್ಗುಲು

ಹೊಸ ಹಾಸಿಗೆಯ ಪ್ಲಾಸ್ಟಿಕ್ ಕವರು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಹೊಸ ಬಸ್ಸಿನ ಸೀಟಿನ ವಾಸನೆ. ನಾಲ್ಕು ದಿನ ಗಾಳಿಗೆ ಬಿಟ್ಟರೆ ಹೋಗುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಎಂಟು ದಿನವಾಯಿತು, ವಾಸನೆ ಹೋಯಿತು. ಆದರೆ ಅದರ ಮೇಲೆ ಮಲಗುವುದು ಮಾತ್ರ ನನಗೆ ಬರಲಿಲ್ಲ.

ನಗಬೇಡಿ. ಅರವತ್ತಾರು ವರ್ಷ ದಿನವೂ ತಪ್ಪದೆ ಮಲಗಿದವಳು ನಾನು. ಆದರೆ ಈಗ ಡಾಕ್ಟರು ಅದಕ್ಕೂ ಪಾಠ ಹೇಳಿಕೊಟ್ಟಿದ್ದಾರೆ. ಭುಜಕ್ಕೂ ಸೊಂಟದ ಕೀಲಿಗೂ ಭಾರ ಬೀಳಬಾರದಂತೆ. ಗುಣಿ ಬಿದ್ದ ಹತ್ತಿ ಹಾಸಿಗೆ ಬಿಡಬೇಕಂತೆ. ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಬೇಕಂತೆ. ಇಟ್ಟುಕೊಂಡೆ. ಬೆಳಿಗ್ಗೆ ದಿಂಬು ನೆಲದ ಮೇಲಿತ್ತು. ಸೊಂಟದ ಕೆಳಗೆ ದುಪ್ಪಟಿ ಮಡಿಸಿಟ್ಟೆ, ತೆಗೆದೆ, ತಲೆ ಇದ್ದ ಕಡೆ ಕಾಲು ಹಾಕಿ ನೋಡಿದೆ. ಏನು ಮಾಡಿದರೂ ಎಚ್ಚರವಾದಾಗ ನಾನು ಇರುತ್ತಿದ್ದದ್ದು ಹಾಸಿಗೆಯ ಹೊರಗಿನ ಅಂಚಿನಲ್ಲಿ. ಒಂದು ಅಂಗೈ ಅಗಲ ಸರಿದಿದ್ದರೆ ದಿಂಬಿನ ಜೊತೆ ನಾನೂ ಕೆಳಗೆ. ಅಷ್ಟು ದೊಡ್ಡ ಹಾಸಿಗೆಯಲ್ಲಿ ಗೋಡೆಯ ಕಡೆಯ ಅರ್ಧ ಇಸ್ತ್ರಿ ಮಾಡಿದಂತೆ ಹಾಗೇ ಇರುತ್ತಿತ್ತು.

ಗೋಡೆಯ ಕಡೆ ಅಕ್ಕನದು.

ಗಂಡ ತೀರಿಕೊಂಡ ಮೇಲೆ ಅಕ್ಕ ಚುಂಚನಕಟ್ಟೆಯಿಂದ ಪಿರಿಯಾಪಟ್ಟಣಕ್ಕೆ ನನ್ನ ಮನೆಗೆ ಬಂದಳು. ನಾನು ಆಗ ಇಲ್ಲಿನ ಶಾಲೆಯಲ್ಲಿ ಹೊಲಿಗೆ ಟೀಚರು, ಮದುವೆಯಾಗದವಳು. ಹೆಚ್ಚು ಹಾಸಿಗೆ ಇರಲಿಲ್ಲ, ಆಮೇಲೆ ಬೇಕೆನಿಸಲೂ ಇಲ್ಲ. ಮೂವತ್ತೊಂದು ವರ್ಷ ಒಂದೇ ಹಾಸಿಗೆ. ಅಕ್ಕನಿಗೆ ಈ ಊರಿನ ಮೇಲೆ ಒಂದೇ ದೂರು. ಹೊಗೆಸೊಪ್ಪಿನ ಕಾಲದಲ್ಲಿ ತಾರಸಿ ಮೇಲೆ ಹಾಸಿಗೆ ಒಣಹಾಕಿದರೆ ಅದಕ್ಕೂ ಆ ಘಾಟು ಹಿಡಿಯುತ್ತಿತ್ತು. “ನೋಡ್ದೋರು ಏನಂದ್ಕಂಡಾರು? ಅಕ್ಕತಂಗೀರಿಬ್ರೂ ಬೀಡಿ ಸೇದ್ತಾರೆ ಅಂದ್ಕಳಲ್ವಾ?” ಎಂದು ಗೊಣಗುತ್ತಾ ಘಾಟು ಹೋಗಲೆಂದು ವಿಭೂತಿ ಗಟ್ಟಿಯ ಚೂರೊಂದನ್ನು ದಿಂಬಿನ ಕೆಳಗೆ ಇಡುತ್ತಿದ್ದಳು.

ಎರಡು ಮೂರು ವರ್ಷಕ್ಕೊಮ್ಮೆ ಹುಣಸೂರಿನಿಂದ ಹಾಸಿಗೆ ಹೊಲಿಯುವ ಗೌಸ್ ಸಾಬರು, ಗಂಟುಗಟ್ಟಿದ ಹತ್ತಿ ಬಿಡಿಸಿ ಎಕ್ಕುವ ಬಿಲ್ಲು ಹೊತ್ತು ಬರುತ್ತಿದ್ದರು. ಬಂದವರು ನೇರ ಹೊಲಿಗೆ ಬಿಚ್ಚುತ್ತಿರಲಿಲ್ಲ. ಮೊದಲು ಅಂಗಳದಲ್ಲಿ ಹಾಸಿಗೆ ಹಾಸಿ ನಮ್ಮಿಬ್ಬರನ್ನೂ ಮಲಗಿಸಿ ನೋಡಬೇಕು. ಬೀದಿಯವರೆಲ್ಲ ನೋಡುವಾಗ, ಮಕ್ಕಳಿಗೆ ಶಿಸ್ತು ಕಲಿಸುವ ಟೀಚರು ಸೆರಗು ಹೊದ್ದು ಅಂಗಳದಲ್ಲಿ ಬಿದ್ದುಕೊಳ್ಳುವುದೆಂದರೆ!

“ಮನಿಕ್ಕಳಿ ಟೀಚರಮ್ಮ, ನಾಚ್ಕೆ ಯಾಕೆ? ನೀವು ಅಳತೆ ತಗಳ್ದೆ ರವಿಕೆ ಒಲೀತೀರಾ?” ಎನ್ನುತ್ತಿದ್ದರು.

ಭುಜ, ಸೊಂಟ ಒತ್ತುವ ಕಡೆ ಹತ್ತಿ ಸಡಿಲ. ನಡು ತೇಲುವ ಕಡೆ ಬಿಗಿ. ಅಕ್ಕನ ಮಂಡಿ ಬರುವ ಜಾಗದಲ್ಲಿ ಹತ್ತಿ ಒತ್ತಿ ಉಬ್ಬಿಸಿದ ಒಂದು ಪುಟ್ಟ ದಿಮ್ಮ. ಅಕ್ಕನ ಬಲಮಂಡಿ ಪೂರಾ ಚಾಚಲು ಬರುತ್ತಿರಲಿಲ್ಲ. ಡಾಕ್ಟರು ಈಗ ಚೀಟಿ ಬರೆದು ಹೇಳಿದ್ದನ್ನು ಸಾಬರು ದಬ್ಬಳದಲ್ಲಿ ಹೊಲಿದುಬಿಡುತ್ತಿದ್ದರು. ಅವರು ಬಿಲ್ಲು ಎತ್ತುವ ಮೊದಲು ಅಕ್ಕ ಶುಂಠಿ ಟೀ ತಂದುಕೊಡುತ್ತಿದ್ದಳು. “ಧೂಳು ಕುಡಿಯೋಕ್ ಮುಂಚೆ ಇದ್ನ ಕುಡೀರಿ ಸಾಬ್ರೆ.”

ಹೋದ ವರ್ಷ ಅಕ್ಕ ತೀರಿಕೊಂಡಳು. ಅದೇ ಹಾಸಿಗೆಯ ಮೇಲೆ, ನನ್ನ ಪಕ್ಕದಲ್ಲೇ. ನಮ್ಮ ಕಡೆ ಅಂಥ ಹಾಸಿಗೆಯನ್ನು ಮನೆಯಲ್ಲಿ ಉಳಿಸಿಕೊಳ್ಳುವುದಿಲ್ಲ, ಊರಾಚೆ ಹಾಕಿಬಿಡುತ್ತಾರೆ. ನಾನು ಹಾಕಲಿಲ್ಲ. ಕೇಳಿದವರಿಗೆ ಹಾಕಿಸಿದೆ ಎಂದೆ. ಎರಡು ತಿಂಗಳಿಗೆ ಸಾಬರು ಬಂದರು.

“ಅಕ್ಕೋರು?”

“ಚುಂಚನಕಟ್ಟೆಗೆ ಹೋಗಿದ್ದಾರೆ” ಎಂದೆ. ಸತ್ತವರ ಹಾಸಿಗೆ ಎಂದರೆ ಎಲ್ಲಿ ಬಿಲ್ಲು ಮುಟ್ಟಿಸುವುದಿಲ್ಲವೋ ಎಂಬ ಹೆದರಿಕೆ. ಸುಳ್ಳಿನ ಬಾಲಕ್ಕೆ ಇನ್ನೊಂದನ್ನೂ ಕಟ್ಟಿದೆ: “ಅವರ ಮಂಡಿಯ ದಿಮ್ಮ ಹೋದ ಸಲದ ಹಾಗೇ ಇರಲಿ.”

ಸಾಬರು ಒಂದು ಗಳಿಗೆ ನನ್ನನ್ನು ನೋಡಿ ಬಿಲ್ಲು ಎತ್ತಿಕೊಂಡರು. ಅವತ್ತು ಬೀದಿಗೆ ಕಾಣದ ಹಿತ್ತಿಲಲ್ಲಿ ನಾನೊಬ್ಬಳೇ ಮಲಗಿ ಅಳತೆ ಕೊಟ್ಟೆ. ಆಮೇಲಿನ ಒಂದು ವರ್ಷದಲ್ಲಿ ನನ್ನ ಕಡೆ ಗುಣಿ ಬಿತ್ತು, ಕೀಲುಗಳು ಕೂಗಿಕೊಂಡವು. ಅಕ್ಕನ ದಿಮ್ಮ ಮಾತ್ರ ಒಂದಿಷ್ಟೂ ಇಳಿಯಲಿಲ್ಲ. ಮಧ್ಯೆ ಎಚ್ಚರವಾದಾಗ ಅದರ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ. ಇಟ್ಟರೆ ನಿದ್ದೆ ಬರುತ್ತಿತ್ತು.

ಹೊಸ ಹಾಸಿಗೆಯಲ್ಲಿ ಕೈ ಇಡಲು ಏನೂ ಇರಲಿಲ್ಲ. ಒಂಬತ್ತನೆಯ ದಿನ ಸೋತು ಸಾಬರಿಗೆ ಫೋನು ಮಾಡಿದೆ. ಅವರು ಈಗ ಬಿಲ್ಲು ಹೊರುವುದಿಲ್ಲ. ದಬ್ಬಳ ಒಂದನ್ನು ಜೇಬಿನಲ್ಲಿಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ಬಂದರು. ಹಾಸಿಗೆಯ ಸುದ್ದಿ ಎತ್ತುವ ಮೊದಲು ನಾನು ಶುಂಠಿ ಜಜ್ಜಿ ಟೀ ಕಾಯಿಸಿ ಕೊಟ್ಟೆ. ಅವರು ಲೋಟ ಹಿಡಿದು ಕೂತರು. ಅವರಿಂದ ಅವತ್ತು ಮುಚ್ಚಿಟ್ಟಿದ್ದನ್ನು ಬಾಯಿಬಿಟ್ಟು ಹೇಳಿದೆ.

“ಸಾಬ್ರೆ, ಅಕ್ಕ ಹೋದಳು. ನೀವು ಹೋದ ಸಲ ಬಂದಾಗಲೇ ಹೋಗಿದ್ದಳು. ಆ ಹಾಸಿಗೆ ಮೇಲೇ ಹೋದಳು.”

“ಅವತ್ತೇ ಗೊತ್ತಾಯ್ತು ಕಣಮ್ಮ. ಅಕ್ಕೋರು ಊರ್ಗೋಗಿದ್ರೆ, ಸಾಬ್ರಿಗೆ ಟೀ ಕೊಡು ಅಂತ ನಿಮ್ಗೆ ಏಳೋಗಿರೋರು.”

ಅವತ್ತು ನಾನು ಟೀ ಕೊಟ್ಟಿರಲಿಲ್ಲ ಎನ್ನುವುದು ಆಗ ನೆನಪಾಯಿತು.

“ಗೊತ್ತಿದ್ದೂ ದಿಮ್ಮ ಯಾಕೆ ಮಾಡಿದಿರಿ?”

“ನೀವ್ ಕೇಳುದ್ರಲ್ಲ” ಎಂದರು.

ನಾನು ಅತ್ತೆ. ಅವರು ಟೀ ಮುಗಿಸುವವರೆಗೂ ಅತ್ತೆ. ಆಮೇಲೆ ಅವರು, ನಾನು ಮೂಲೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಹಾಸಿಗೆ ಬಿಚ್ಚಿ ಅಕ್ಕನ ದಿಮ್ಮದ ಹತ್ತಿ ತೆಗೆದರು. ಹಳೆಯ ರವಿಕೆ ಬಟ್ಟೆಯಲ್ಲಿ ನಾನೇ ಒಂದು ಚೀಲ ಹೊಲಿದುಕೊಟ್ಟೆ. ಅವರು ಅದಕ್ಕೆ ಹತ್ತಿ ತುಂಬಿ, ನಡುವೆ ಬಿಗಿ, ತುದಿಗೆ ಸಡಿಲ ಮಾಡಿ ಬಾಯಿ ಹೊಲಿದರು. ನನ್ನ ಮಂಡಿಗಳ ನಡುವೆ ಇಡಲು ಅದೇ ದಿಂಬಾಯಿತು. ಉಳಿದ ಹಾಸಿಗೆಯನ್ನು ಊರಾಚೆ ಹಾಕಿಸಿಬಿಡಿ ಎಂದು ಈ ಸಲ ನಾನೇ ಹೇಳಿದೆ.

“ಈಗ ಮನಿಕ್ಕಳಿ, ನೋಡ್ತೀನಿ” ಎಂದರು. ಮಲಗಿದೆ. “ಅಂಚ್ನಾಗೆ ಯಾಕಮ್ಮ? ನಡೂಕ್ ಬನ್ನಿ.”

ಸರಿದೆ. ಅವರು ಹೋದ ಮೇಲೂ ಹಾಗೇ ಮಲಗಿದ್ದೆ. ಮಂಡಿಗಳ ನಡುವಿನ ದಿಂಬು ಜಾರಲಿಲ್ಲ. ಎಡಗೈ ಚಾಚಿದೆ, ಗೋಡೆ ಸಿಗಲಿಲ್ಲ; ಬಲಗೈ ಚಾಚಿದೆ, ಅಂಚು ಸಿಗಲಿಲ್ಲ. ಮನೆಯಲ್ಲಿ ನಾನೊಬ್ಬಳೇ ಇದ್ದೇನೆ ಎಂದು ಒಂದು ವರ್ಷದ ಮೇಲೆ ಅವತ್ತು ನನಗೆ ಗೊತ್ತಾಯಿತು. ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡು ಎದೆಯ ಮೇಲಿಟ್ಟುಕೊಂಡೆ. ನಿದ್ದೆ ಬಂತು.