ಒಳಗೆ ಮಡಿಚಿದ ಅಂಚು

ಚಿಕ್ಕಮ್ಮನ ಹತ್ತಿರ ಒಮ್ಮೆ ಹೊಲಿಸಿಕೊಂಡವರು ಬೇರೆ ದರ್ಜಿಯ ಕಡೆ ತಲೆ ಹಾಕುತ್ತಿರಲಿಲ್ಲ. ಯಾರ ಸೊಂಟ ಎಷ್ಟು ಹಿಗ್ಗಿತೆಂದು ಟೇಪು ಹೇಳಿದರೂ ಅವಳ ಬಾಯಿ ಹೇಳುತ್ತಿರಲಿಲ್ಲ.

ಈಗ ಗುಟ್ಟು ಅವಳ ಮೈಯಲ್ಲೇ ಕೂತಿತ್ತು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಮೂಳೆ ಸವೆಯೋಕೆ ಶುರುವಾಗಿದೆ, ಇನ್ನೂ ಆರಂಭ. ವಾರಕ್ಕೊಂದು ಮಾತ್ರೆ ಈಗಲೇ ತಗೋಬಹುದು. ಇಲ್ಲಾ, ಓಡಾಟ ಜಾಸ್ತಿ ಮಾಡಿ ಒಂದು ವರ್ಷ ನೋಡಬಹುದು. ಯೋಚನೆ ಮಾಡಿ," ಎಂದು ಚೀಟಿ ಕೊಟ್ಟಿದ್ದರು.

ಯೋಚನೆ ಮಾಡುವ ಭಾರ ಅಕ್ಕನ ಮಗನ ತಲೆಗೆ ಬಂತು. ಎಲ್ಲರ ಬಾಯಲ್ಲಿ ಉದ್ದಣ್ಣನಾದ ಅವನು ಚಪ್ಪಲಿ ಅಂಗಡಿಯ ನೌಕರ. ಬಿಗಿ ಶೂನಲ್ಲಿ ಹಲ್ಲು ಕಚ್ಚಿ ನಿಂತವರಿಗೆ "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್" ಎನ್ನುವುದಕ್ಕೇ ಸಂಬಳ. ತನ್ನ ಶೂ ಕಚ್ಚಿದರೂ ಬದಲಿಸಿ ಎನ್ನಲು ನಾಚುವ ಧೀರ. ಆದರೂ ಈ ಸಲ ಬಾಯಿ ಬಿಡದೆ ವಿಧಿಯಿರಲಿಲ್ಲ; ಅವನ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಮಲಗಿದವಳು ಮತ್ತೆ ಏಳದೇ ತೀರಿಹೋಗಿ ವರ್ಷ ತುಂಬಿರಲಿಲ್ಲ.

"ತಗೊಂಡ್ಬಿಡು ಚಿಕ್ಕಮ್ಮ."

"ಹೊಟ್ಟೆ ಉರಿಯುತ್ತಂತೆ. ನುಂಗಿ ಅರ್ಧ ಗಂಟೆ ಬೆನ್ನು ನೆಟ್ಟಗಿರ್ಬೇಕಂತೆ. ಮಿಷನ್ ಮುಂದೆ ಬಗ್ಗದೇ ನಾನು ಬದುಕಿದ್ದು ಯಾವತ್ತೋ?" ಎಂದವಳು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. ಪ್ರಾಯದಲ್ಲಿ ಅಕ್ಕತಂಗಿಯರು ಪಂದ್ಯ ಕಟ್ಟಿ ಕತ್ತರಿಯಿಂದ ಕೊರೆದ ಎತ್ತರದ ಗುರುತು ಅಲ್ಲಿತ್ತು. "ನೋಡು. ನನ್ನ ಗೀಟಿಗೆ ತಲೆ ತಾಗಿದ್ರೆ ಮಾತ್ರೆ ಬೇಡ. ಇಳಿದಿದ್ರೆ ನುಂಗ್ತೀನಿ."

ಅವನು ನೆತ್ತಿಯ ಮೇಲೆ ಸ್ಕೇಲು ಇಟ್ಟ. ಗೀಟು ಬೆರಳಗಲ ಮೇಲಿತ್ತು. ಮಾತ್ರೆ ನುಂಗಿಸಲೆಂದೇ ಬಂದವನ ಬಾಯಿ, ಅವಳನ್ನು ಹೆದರಿಸಲಾಗದೆ, ಅಂಗಡಿಯ ಅಭ್ಯಾಸಕ್ಕೆ ಬಿತ್ತು.

"ಸರಿಯಾಗಿ ತಾಗಿದೆ."

"ಇದು ನಿಮ್ಮ ಚಪ್ಪಲಿ ಅಂಗಡಿ ಅಲ್ಲ ಕಣೋ."

ಚಿಕ್ಕಮ್ಮ ಕಪಾಟಿನಿಂದ ಅವನ ಅಮ್ಮನ ನೈಟಿ ತೆಗೆದು ಅಂಚು ತಿರುವಿದಳು. ಒಳಗೆ ಮಡಿಕೆಯ ಮೇಲೆ ಮಡಿಕೆ.

"ವರ್ಷ ವರ್ಷ ಅವಳು ಕುಗ್ಗಿ, ಇದು ನೆಲಕ್ಕೆ ತಾಗ್ತಿತ್ತು. ಹೆದರ್ಕೋತಾಳೆ ಅಂತ ಹೇಳದೇ ಮಡಿಚ್ತಾ ಬಂದೆ. 'ನಿನ್ನ ಅಳತೆ ತಪ್ಪೋದೇ ಇಲ್ಲ ಕಣೇ' ಅಂತಿದ್ಲು ನಿಮ್ಮಮ್ಮ." ನೈಟಿಯನ್ನು ಮಿಷನ್ ಮೇಲಿಟ್ಟು, "ಹೋಗು, ಆ ಮಾತ್ರೆ ತಗೊಂಡ್ ಬಾ," ಎಂದಳು.

ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಟ ತುಂಬ ನೀರಿನೊಂದಿಗೆ ಮಾತ್ರೆ ನುಂಗಿದಳು. ಕುರ್ಚಿಯಲ್ಲಿ ನೆಟ್ಟಗೆ ಕೂತು, ಸುಮ್ಮನಿದ್ದ ಮಿಷನ್ನನ್ನು ನೋಡಿ ನೋಡಿ ಸಾಕಾಗಿ, ನೈಟಿ ಕೇಳಿದಳು. ಅವಳು ಬಗ್ಗಬಾರದೆಂದು ಉದ್ದಣ್ಣ ಅದನ್ನು ಭುಜ ಹಿಡಿದು ಮೇಲಕ್ಕೆತ್ತಿ ನಿಂತ. ಅವನ ಉದ್ದ ಒಂದು ಕೆಲಸಕ್ಕೆ ಬಂದದ್ದು ಅದೇ ಮೊದಲು. ಚಿಕ್ಕಮ್ಮ ಅಂಚಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಾ ಹೋದಳು. ಬಟ್ಟೆ ಇಳಿದು ಇಳಿದು, ಅಮ್ಮ ನೆಟ್ಟಗಿದ್ದ ದಿನಗಳಲ್ಲಿದ್ದಷ್ಟು ಉದ್ದವಾಯಿತು. ಕೈ ಸೋತರೂ ಅವನು ಕೆಳಗಿಳಿಸಲಿಲ್ಲ.