ಹನ್ನೊಂದನೇ ನಂಬರಿನ ಮಸಿಬಟ್ಟೆ

ನಮ್ಮ ಮನೆಯಲ್ಲಿ ಬಟ್ಟೆಗಳಿಗೂ ನಾಲ್ಕು ಆಶ್ರಮಗಳಿವೆ. ಹಬ್ಬಕ್ಕೆ ಮಾತ್ರ ಹೊರಬರುವ ಬ್ರಹ್ಮಚರ್ಯ, ಆಫೀಸಿಗೆ ದುಡಿಯುವ ಗಾರ್ಹಸ್ಥ್ಯ, ಕಾಲರು ಸವೆದ ಮೇಲೆ ಮನೆಯೊಳಗಿನ ವಾನಪ್ರಸ್ಥ, ಕಟ್ಟಕಡೆಗೆ ಒಲೆಯ ಪಕ್ಕದಲ್ಲಿ ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆಯ ಸನ್ಯಾಸ. ಆಕ್ಲೆಂಡಿಗೆ ಬಂದು ಇಷ್ಟು ವರ್ಷವಾಗಿ, ಮಸಿಯ ಮುಖವನ್ನೇ ಕಾಣದ ಕರೆಂಟ್ ಒಲೆಯ ಮುಂದೆ ನಿಂತರೂ ಅದನ್ನು ಮಸಿಬಟ್ಟೆಯೆಂದೇ ಕರೆಯುವುದು ನಮ್ಮ ಮೈಸೂರಿನ ಹಠ. ಮೊನ್ನೆ ಭಾನುವಾರ ನನ್ನ ಹೆಂಡತಿ ಸುಧಾ ಅಂಥ ಒಬ್ಬ ಸನ್ಯಾಸಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಇದಕ್ಕಿನ್ನು ಮುಕ್ತಿ ಕೊಡೋಣ ಕಣ್ರೀ, ನಡುಮಧ್ಯೆ ತೂತು ಬಿದ್ದಿದೆ," ಎನ್ನುತ್ತಾ ಕಸದ ಬುಟ್ಟಿಯ ಕಡೆ ಹೊರಟಳು. ಬೇರಾವ ಘನಕಾರ್ಯಕ್ಕೂ ಸೋಫಾದಿಂದ ಅಷ್ಟು ಚುರುಕಾಗಿ ಎದ್ದವನಲ್ಲದ ನಾನು ಓಡಿಹೋಗಿ ಕಿತ್ತುಕೊಂಡೆ. ಅದು ಒಬ್ಬ ಫುಟ್‌ಬಾಲ್ ಆಟಗಾರನ ಜೆರ್ಸಿ; ಬೆನ್ನಿನ ಮೇಲೆ ಹನ್ನೊಂದು ಎಂಬ ಅಂಕಿ, ಎರಡು ಒಂದುಗಳ ನಡುವೆ ಸುಟ್ಟ ತೂತು.

ಫುಟ್‌ಬಾಲಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಕ್ರಿಕೆಟ್ಟಿನ ಹಾಲು ಕುಡಿದು ಬೆಳೆದವನು ನಾನು. ಎರಡು ಸಾವಿರದ ಹತ್ತರ ದಶಕದ ಶುರುವಿನಲ್ಲಿ ನಾವು ಆಕ್ಲೆಂಡಿನ ನ್ಯೂ ಲಿನ್ ಬಡಾವಣೆಗೆ ಬಂದಿಳಿದಾಗ ನನ್ನ ಬಳಿ ಸೇತುವೆ ಕಟ್ಟುವ ಎಂಜಿನಿಯರಿಂಗ್ ಪದವಿಯಿತ್ತು, ಊರಲ್ಲಿ ಕಟ್ಟಿದ ಸೇತುವೆಗಳ ಫೋಟೋಗಳಿದ್ದವು. ಇಲ್ಲಿಯವರು ಕೇಳುವ ‘ಇಲ್ಲಿನ ಅನುಭವ’ವೊಂದು ಇರಲಿಲ್ಲ. ಅನುಭವವಿಲ್ಲದೆ ಕೆಲಸ ಕೊಡರು, ಕೆಲಸ ಕೊಡದೆ ಅನುಭವವೆಲ್ಲಿಂದ ಬರಬೇಕು, ಹೇಳಿ! ಹಾಲು, ಬ್ರೆಡ್ಡು, ಪೇಪರು ಮಾರುವ ಮೂಲೆಯಂಗಡಿಗೆ ಇಲ್ಲಿ ಡೈರಿ ಎನ್ನುತ್ತಾರಲ್ಲ, ಅಂಥದೊಂದರಲ್ಲಿ ಗಲ್ಲಾದ ಹಿಂದೆ ನಿಂತೆ. ಸುಧಾಳ ವೀಸಾ ನನ್ನದಕ್ಕೆ ಗಂಟುಬಿದ್ದದ್ದು; ಅದು ಮುಗಿಯುವುದರೊಳಗೆ ನನಗೆ ಓದಿಗೆ ತಕ್ಕ ಕೆಲಸ ಸಿಗದಿದ್ದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕಿತ್ತು. ಸುಧಾಗೆ ಮನುಕಾವ್‌ನ ಲ್ಯಾಬೊಂದರಲ್ಲಿ ಆಗಲೇ ಕೆಲಸ ಸಿಕ್ಕಿ, ಈ ಊರು ಮನಸ್ಸಿಗೆ ಹಿಡಿಸಿಬಿಟ್ಟಿತ್ತು.

ಒಂದೇ ಕಾಂಪೌಂಡಿನಲ್ಲಿ ನಮ್ಮದು ಹಿಂದಿನ ಮನೆ; ಮುಂದಿನ ಮನೆಯಲ್ಲಿ ಉರುಗ್ವೆ ದೇಶದ ವಿಧವೆ ಮಾರ್ತಾ ಇದ್ದರು. ಹಿರಿಯರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಹೊರಳದೆ ನಾನು ಆಂಟಿ ಎಂದೆ, ಅವರು ಹಾಗೇ ಆಂಟಿಯಾಗಿ ನಿಂತರು. ಅವರ ನದೀತೀರದ ಪುಟ್ಟ ಊರಿನಿಂದ ಯೂರೋಪಿಗೆ ಹೋಗಿ ಆಡುತ್ತಿದ್ದ ಏಕೈಕ ಸ್ಟ್ರೈಕರ್ ಒಬ್ಬನಿದ್ದ. ಊರವರು ಅವನಿಗಿಟ್ಟ ಹೆಸರು ಫ್ಲಾಕೊ, ಎಂದರೆ ಸಣಕಲ; ನಮ್ಮ ಕಡೆಯಾಗಿದ್ದರೆ ಕಡ್ಡಿ ಪೈಲ್ವಾನ ಎನ್ನುತ್ತಿದ್ದೆವು. ಪೋರ್ಚುಗಲ್ಲಿನಲ್ಲಿ ಎರಡು ವರ್ಷ, ಇಟಲಿಯ ಎರಡನೇ ದರ್ಜೆಯಲ್ಲಿ ಒಂದು, ಆಮೇಲೆ ಸ್ಪೇನಿನ ತಂಡವೊಂದಕ್ಕೆ ಎರವಲು. ಹೋದಲ್ಲೆಲ್ಲ ಹೊಸ ಭಾಷೆ, ಹೊಸ ಚಳಿ, ಹೊಸ ಕೋಚು, ಮತ್ತೆ ಮೊದಲಿನಿಂದ ಪರೀಕ್ಷೆ. ಕಪ್ಪು ಎತ್ತಿದವನಲ್ಲ, ಪತ್ರಿಕೆಯ ಮುಖಪುಟಕ್ಕೆ ಬಂದವನಲ್ಲ. ಅವನ ವೃತ್ತಿಜೀವನವನ್ನು ಆಂಟಿ ಹೇಳುವಾಗ ಮಾತ್ರ ದಿಗ್ವಿಜಯದಂತೆ ಕೇಳುತ್ತಿತ್ತು.

ನಮ್ಮ ಬೇಸಿಗೆಯಲ್ಲಿ ಸ್ಪೇನಿಗೂ ಇಲ್ಲಿಗೂ ಸರಿಯಾಗಿ ಹನ್ನೆರಡು ಗಂಟೆಯ ವ್ಯತ್ಯಾಸ. ಅಲ್ಲಿ ಶನಿವಾರ ರಾತ್ರಿ ಎಂಟೂಮುಕ್ಕಾಲಕ್ಕೆ ಶುರುವಾಗುವ ಆಟ ಇಲ್ಲಿ ಭಾನುವಾರ ಬೆಳಗ್ಗೆ ಎಂಟೂಮುಕ್ಕಾಲಕ್ಕೆ, ಗೋಡೆ ಗಡಿಯಾರದ ಮುಳ್ಳನ್ನೂ ಮುಟ್ಟಬೇಕಿಲ್ಲ. ಅವನು ಗ್ಲೌಸು ತೊಟ್ಟು ಬಾಯಲ್ಲಿ ಹೊಗೆ ಬಿಡುತ್ತ ಓಡುವಾಗ ನಾವು ಚಡ್ಡಿ ತೊಟ್ಟು ಬೆವರುತ್ತ ನೋಡುತ್ತಿದ್ದೆವು. ಸುಧಾಗೆ ಭಾನುವಾರ ಡ್ಯೂಟಿ. ಬರಿಗೈಲಿ ಹೋಗಬಾರದೆಂದು ನಾನು ದೋಸೆ ಹಿಟ್ಟು ಹೊತ್ತೊಯ್ದು ಆಂಟಿಯ ಅಡುಗೆಮನೆಯಲ್ಲೇ ಹುಯ್ಯುತ್ತಿದ್ದೆ; ಅವರು ಕೊಳವೆಯಲ್ಲಿ ಹೀರುವ ಕಹಿ ಸೊಪ್ಪಿನ ಕಷಾಯ ಕೊಡುತ್ತಿದ್ದರು, ಅದನ್ನು ಕುಡಿದ ಮುಖವನ್ನು ಅವರು ಸಂತೋಷವೆಂದು ತಿಳಿಯುತ್ತಿದ್ದರು.

ತಪ್ಪು ನಡೆದದ್ದು ಇಲ್ಲೇ, ಅದೂ ನನ್ನಿಂದಲೇ. ಒಂದು ಭಾನುವಾರ ನಾನು ದೋಸೆ ಮಗುಚಲು ಒಳಗೆ ಹೋದೆ, ಹೊರಗೆ ಟಿವಿಯಲ್ಲಿ ಫ್ಲಾಕೊ ಗೋಲು ಹೊಡೆದ. ಮುಂದಿನ ವಾರವೂ ಹಾಗೇ ಆಯಿತು. ಕ್ರಿಕೆಟ್ ನೋಡುವ ನಮ್ಮವರ ಚಟ ನಿಮಗೆ ಗೊತ್ತೇ ಇದೆ: ಬ್ಯಾಟ್ಸ್‌ಮನ್ ಚೆನ್ನಾಗಿ ಆಡುತ್ತಿದ್ದರೆ ಕುಂಡಿ ಅಲ್ಲಾಡಿಸುವಂತಿಲ್ಲ, ಬಾಗಿಲಲ್ಲಿ ನಿಂತವನು ಬಾಗಿಲಲ್ಲೇ ನಿಂತಿರಬೇಕು. ಈ ಪವಿತ್ರ ಶಾಸ್ತ್ರವನ್ನು ಆಂಟಿಗೆ ವಿವರಿಸಿ ಹೇಳಿದ ಮಹಾಮೂರ್ಖ ನಾನು. ಅವರು ಅಡುಗೆಮನೆಯತ್ತ ಬೆರಳು ತೋರಿಸಿ, "ಹೋಗು. ಹೋಗಿ ದೋಸೆ ಮಾಡು," ಎಂದರು. ಅಂದಿನಿಂದ ಆಟದ ತೊಂಬತ್ತು ನಿಮಿಷವೂ ನನಗೆ ಒಲೆಯ ಮುಂದೆ ವನವಾಸ. ಅವನ ಒಂದು ಗೋಲನ್ನೂ ಹೊಡೆದ ಗಳಿಗೆಯಲ್ಲಿ ನಾನು ನೋಡಿದವನಲ್ಲ. ಆಂಟಿಯ ಕಿರುಚಾಟ ಕೇಳಿದ ಮೇಲೆ ಸಟ್ಟುಗ ಹಿಡಿದು ಓಡಿಬಂದು ಮರುಪ್ರಸಾರ ನೋಡುತ್ತಿದ್ದೆ.

ನ್ಯೂ ಲಿನ್‌ನ ಅಂಗಡಿಯೊಂದರ ರಿಯಾಯಿತಿ ಬುಟ್ಟಿಯಲ್ಲಿ ಅವನ ಜೆರ್ಸಿ ಅಗ್ಗಕ್ಕೆ ಸಿಕ್ಕಿತು, ಯಾಕೆಂದರೆ ಅವನು ಆಗಲೇ ಆ ತಂಡ ಬಿಟ್ಟು ಬೇರೊಂದಕ್ಕೆ ದಾಟಿದ್ದ. ತಂದು ತೊಡಲು ನೋಡಿದರೆ ಹೊಟ್ಟೆ ಒಪ್ಪಲಿಲ್ಲ. ಹಾಗಾಗಿ ಹಿಂದಿನ ಮೂರು ಆಶ್ರಮಗಳನ್ನೂ ಹಾರಿ ಅದು ನೇರ ಆಂಟಿಯ ಅಡುಗೆಮನೆಯ ಮಸಿಬಟ್ಟೆಯಾಯಿತು. ಅವರಿಗೆ ಮೊದಲು ಸಿಟ್ಟು ಬಂತು. ನಮ್ಮ ಮನೆಗಳಲ್ಲಿ ರೇಷ್ಮೆ ಸೀರೆಯಿಲ್ಲದೆ ದಿನ ಕಳೆಯಬಹುದು, ಮಸಿಬಟ್ಟೆಯಿಲ್ಲದೆ ಕಾಫಿಯೂ ಇಳಿಯದು ಎಂದು ತಿಳಿಹೇಳಿದ ಮೇಲೆ ಸಮಾಧಾನವಾಯಿತು.

ಆಮೇಲೆ ಬಂದದ್ದು ಬರಗಾಲ. ಹೊಸ ತಂಡದಲ್ಲಿ ಫ್ಲಾಕೊ ತಿಂಗಳುಗಟ್ಟಲೆ ಗೋಲು ಹೊಡೆಯಲಿಲ್ಲ, ನನ್ನ ದೋಸೆಗಳು ವ್ಯರ್ಥವಾದವು. ನನ್ನ ಅರ್ಜಿಗಳೂ ಅಷ್ಟೇ. ‘ವಿಷಾದಿಸುತ್ತೇವೆ’ ಎಂಬ ಇ-ಮೇಲುಗಳನ್ನು ಓದಿ ಓದಿ ಒಂದು ದಿನ ಬರೆಯುವುದನ್ನೇ ನಿಲ್ಲಿಸಿಬಿಟ್ಟೆ. ಸುಧಾಗೆ ಹೇಳಲಿಲ್ಲ. ಸಂಜೆ ಅವಳು "ಇವತ್ತು ಎಲ್ಲಿಗೆ ಹಾಕಿದ್ರಿ?" ಎಂದು ಕೇಳಿದರೆ ಬಾಯಿಗೆ ಬಂದ ಕಂಪನಿಯ ಹೆಸರು ಹೇಳುತ್ತಿದ್ದೆ. ಛೇ, ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಇದನ್ನೆಲ್ಲ ಒಂದು ಭಾನುವಾರ ಆಂಟಿಯ ಮುಂದೆ ಒದರಿಬಿಟ್ಟೆ. ಅವರು ಅಂದು ಶಾಸ್ತ್ರ ಮುರಿದು ನನ್ನನ್ನು ಟಿವಿಯ ಮುಂದೆ ಕೂರಿಸಿದರು. "ಚೆಂಡನ್ನು ನೋಡಬೇಡ," ಎಂದರು ತಮ್ಮ ಒಡಕು ಇಂಗ್ಲಿಷಿನಲ್ಲಿ, "ಅವನನ್ನು ನೋಡು." ನೋಡಿದೆ. ಚೆಂಡು ಮೈದಾನದ ಆ ತುದಿಯಲ್ಲಿದ್ದಾಗಲೂ ಅವನು ಗೋಲಿನ ಬಳಿ ಒಂದು ಜಾಗಕ್ಕೆ ಓಡುತ್ತಿದ್ದ; ಚೆಂಡು ಬರುತ್ತಿರಲಿಲ್ಲ; ವಾಪಸು ನಡೆದು ಬಂದು ಮತ್ತೆ ಓಡುತ್ತಿದ್ದ. ಕೈಚೆಲ್ಲಿ ನಿಂತದ್ದು ಒಂದು ಸಲವೂ ಇಲ್ಲ. ಸ್ಟ್ರೈಕರನ ಕೆಲಸ ಗೋಲು ಹೊಡೆಯುವುದೆಂದು ನಾನು ತಿಳಿದಿದ್ದೆ. ಬಂದರೂ ಬರದಿದ್ದರೂ ಚೆಂಡಿಗಾಗಿ ಹೋಗಿ ನಿಲ್ಲುವುದೇ ಅವನ ಮುಕ್ಕಾಲು ಕೆಲಸ. ಅವನು ಅಂದೂ ಗೋಲು ಹೊಡೆಯಲಿಲ್ಲ. ನಾನು ಮನೆಗೆ ಬಂದು ಮೂರು ಅರ್ಜಿ ಬರೆದೆ.

ಮೂರರಲ್ಲೊಂದು ಸಂದರ್ಶನಕ್ಕೆ ಕರೆಯಿತು, ಮನುಕಾವ್‌ನಲ್ಲಿ, ಮಂಗಳವಾರ ಹತ್ತು ಗಂಟೆಗೆ. ಆಂಟಿ ಶುರುವಾಗುವ ಹೊತ್ತು, ಮುಗಿಯುವ ಹೊತ್ತು ಎರಡನ್ನೂ ಕೇಳಿ ತಿಳಿದುಕೊಂಡರು. ಯಾಕೆಂದು ನನಗೆ ಹೊಳೆಯಲಿಲ್ಲ. ಮಧ್ಯಾಹ್ನ ರೈಲಿಳಿದು ಬರುವಾಗ ಅವರ ಮನೆಯಿಂದ ಸೀದ ವಾಸನೆ. ಗಾಬರಿಯಾಗಿ ಒಳಗೆ ಹೋದರೆ ಕಿಟಕಿಗಳೆಲ್ಲ ತೆರೆದಿವೆ, ಹೊಗೆಯ ಅಲಾರಮ್ಮಿನ ಬ್ಯಾಟರಿ ಕಿತ್ತು ಮೇಜಿನ ಮೇಲಿದೆ, ಪಕ್ಕದ ತಟ್ಟೆಯಲ್ಲಿ ನಾನು ಫ್ರಿಜ್ಜಿನಲ್ಲಿ ಬಿಟ್ಟಿದ್ದ ಹಿಟ್ಟಿನ ದೋಸೆಗಳು: ಒಂದು ಕಪ್ಪು, ಒಂದು ಹಸಿ, ಒಂದು ಯಾವ ಭೂಪಟದಲ್ಲೂ ಇಲ್ಲದ ದೇಶದ ಆಕಾರ. ಜನ್ಮದಲ್ಲಿ ದೋಸೆ ಹುಯ್ಯದ ಆ ಎಪ್ಪತ್ತರ ಹೆಂಗಸು ಹತ್ತರಿಂದ ಹನ್ನೊಂದರವರೆಗೆ, ನನ್ನ ಸಂದರ್ಶನದುದ್ದಕ್ಕೂ, ಒಲೆ ಬಿಟ್ಟು ಕದಲಿರಲಿಲ್ಲ. ಕೈಯಲ್ಲಿ ಜೆರ್ಸಿ; ಉರಿಯುವ ಸುರುಳಿಯ ಮೇಲೆ ಅದನ್ನು ಮರೆತಿಟ್ಟಿದ್ದರಿಂದ ಎರಡು ಒಂದುಗಳ ನಡುವೆ ತೂತು. "ಗೋಲು ಆಯ್ತಾ?" ಎಂದು ಕೇಳಿದರು. ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ, ಆಮೇಲೆ ಆ ಕಪ್ಪು ದೋಸೆಯನ್ನೇ ತಿಂದೆ.

ಗೋಲು ಆಯಿತು. ಆ ಕೆಲಸದಿಂದಲೇ ನಾವು ಇಲ್ಲಿ ಉಳಿದೆವು. ಫ್ಲಾಕೊ ಆಮೇಲೆ ಒಂದಿಷ್ಟು ಗೋಲು ಹೊಡೆದು, ಇನ್ನೂ ಚಿಕ್ಕ ತಂಡಗಳಿಗೆ ಆಡಿ, ದಶಕ ಮುಗಿಯುವ ಹೊತ್ತಿಗೆ ಸದ್ದಿಲ್ಲದೆ ತನ್ನ ನದಿಯೂರಿಗೆ ಮರಳಿದ. ಆಕ್ಲೆಂಡಿನಲ್ಲೊಬ್ಬ ಎಂಜಿನಿಯರ್ ತನಗೆ ಋಣಿಯೆಂಬುದು ಅವನಿಗೆ ಗೊತ್ತಾಗುವ ಸಂಭವವಿಲ್ಲ. ಆಂಟಿ ಮಗಳ ಮನೆಗೆಂದು ಡನೀಡಿನ್‌ಗೆ ಹೋಗುವಾಗ ಈ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ ನನ್ನ ಕೈಗಿಟ್ಟರು.

ಮೊನ್ನೆ ಕಸದ ಬುಟ್ಟಿಯ ಮುಂದೆ ನಿಂತು ಸುಧಾಗೆ ಇದನ್ನೆಲ್ಲ ಹೇಳಿದೆ, ಬರೆಯದ ಅರ್ಜಿಗಳ ಸುಳ್ಳನ್ನೂ ಸೇರಿಸಿ. ಅವಳು ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತೂತಿನಲ್ಲಿ ಬೆರಳು ತೂರಿಸಿದಳು. "ನಂಗೆ ಅವಾಗ್ಲೇ ಗೊತ್ತಿತ್ತು," ಎಂದಳು. "ನೀವು ಹೇಳ್ತಿದ್ದ ಕಂಪನಿಗಳಲ್ಲಿ ಒಂದು ಬಿಸ್ಕತ್ತಿಂದು." ಆಮೇಲೆ ಒಲೆ ಹಚ್ಚಿ, ಕಾವಲಿ ಇಟ್ಟು, ಬಟ್ಟೆಯನ್ನು ನನ್ನ ಕೈಗೆ ಕೊಟ್ಟಳು.

"ನಾಳೆ ನಂಗೆ ಪ್ರಮೋಷನ್ ಇಂಟರ್‌ವ್ಯೂ ಇದೆ. ಹತ್ತು ಗಂಟೆಗೆ. ರಜ ಹಾಕಿ."