ಥರ್ಮೋಸ್ಟಾಟಿಗೆ ಬಂದ ಸವತಿ

ನಾನು ಚಳಿಯ ಹೆಂಗಸು, ನಮ್ಮ ಯಜಮಾನರು ಸೆಕೆಯ ಗಂಡಸು. ಜಾತಕ ಕೂಡಿಸಿದ ಜೋಯಿಸರು ಗಣ, ನಾಡಿ ಎಲ್ಲ ನೋಡಿದರು, ಇದೊಂದನ್ನು ನೋಡಲಿಲ್ಲ. ಮೈಸೂರಿನಲ್ಲಿದ್ದಷ್ಟು ದಿನ ಅದು ನಮಗೂ ಗೊತ್ತಾಗಲಿಲ್ಲ. ಅಲ್ಲಿ ಮನೆಯ ಒಳಗೂ ಹೊರಗೂ ಒಂದೇ ಹವೆ, ಯಾರನ್ನೂ ದೂರುವ ಹಾಗಿರಲಿಲ್ಲ. ಮೆಲ್ಬರ್ನಿನ ಗ್ಲೆನ್ ವೇವರ್ಲಿಗೆ ಬಂದು, ಹಜಾರದ ಗೋಡೆಯ ಮೇಲೆ ಥರ್ಮೋಸ್ಟಾಟ್ ಎಂಬ ಪುಟ್ಟ ಡಬ್ಬಿಯನ್ನು ಕಂಡ ಮೇಲೆಯೇ, ಹವಾಮಾನಕ್ಕೂ ಮನೆಯೊಳಗೆ ಒಬ್ಬರು ಜವಾಬ್ದಾರರು ಇರಬಹುದೆಂದು ತಿಳಿದದ್ದು. ಅದರ ಗುಂಡಿಯನ್ನು ನಾನು ಇಪ್ಪತ್ತೆರಡಕ್ಕೆ ತಿರುಗಿಸಿದರೆ ನೆಲದ ಜಾಲರಿಗಳಿಂದ ಬಿಸಿಗಾಳಿ ಬರುತ್ತದೆ. ಅವರು ಬಂದು ಹದಿನಾರಕ್ಕೆ ಇಳಿಸಿದರೆ ನಿಲ್ಲುತ್ತದೆ. ನಮ್ಮ ಸಂಸಾರ ಬಹಳ ವರ್ಷ ಈ ಎರಡು ಅಂಕಿಗಳ ನಡುವೆ ನಡೆದಿದೆ.

ಚಳಿಯ ವಿಷಯದಲ್ಲಿ ನನಗೆ ಟ್ರೇನಿಂಗ್ ಇಲ್ಲವೆಂದಲ್ಲ. ಕಾನ್ವೆಂಟಿನಲ್ಲಿ ಡಿಸೆಂಬರ್ ಬೆಳಗಿನ ಅಸೆಂಬ್ಲಿಯಲ್ಲಿ ಹಲ್ಲು ಕಟಕಟ ಅಂದರೆ ಸಿಸ್ಟರ್ "ಆಫರ್ ಇಟ್ ಅಪ್, ಚೈಲ್ಡ್" ಅನ್ನುತ್ತಿದ್ದರು. ನಡುಕವನ್ನು ದೇವರಿಗೆ ಅರ್ಪಿಸಬೇಕು. ನಾನು ಅರ್ಪಿಸಿದ ಸ್ಟಾಕ್ ಆತನ ಹತ್ತಿರ ಇನ್ನೂ ಖರ್ಚಾಗಿರಲಾರದು. ಆದ್ದರಿಂದ ಈ ವಯಸ್ಸಿನಲ್ಲಿ ಹೀಟರ್ ಹಾಕಿಕೊಳ್ಳಲು ನನಗೆ ಗಿಲ್ಟ್ ಏನೂ ಇಲ್ಲ.

ಯಜಮಾನರು ರಿಟೈರ್ಡ್ ಎಲೆಕ್ಟ್ರಿಕಲ್ ಇಂಜಿನಿಯರ್. ಒಂದು ದಿನ ಈ ಜಗಳಕ್ಕೆ ಸೈಂಟಿಫಿಕ್ ಪರಿಹಾರ ಘೋಷಿಸಿದರು. ಗರಾಜಿನಲ್ಲಿದ್ದ ಹಳೆಯ ಕಂಪ್ಯೂಟರಿಗೆ ರಿಲೇ ಜೋಡಿಸುವುದು. ರಿಲೇ ಅಂದರೆ ಕಂಪ್ಯೂಟರ್ ಹೇಳಿದಾಗ 'ಟಿಕ್' ಎಂದು ತಾನೇ ಹಾಕಿಕೊಳ್ಳುವ, ತಾನೇ ಆರಿಸಿಕೊಳ್ಳುವ ಸ್ವಿಚ್ಚು. ಇನ್ನು ಮೇಲೆ ಮನೆ ಎಷ್ಟು ಬೆಚ್ಚಗಿರಬೇಕೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ, ಅದಕ್ಕೆ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ ಎಂದರು.

"ಅದು ಹ್ಯಾಂಗ್ ಆದ್ರೆ ನಾನು ಸೆಟೆದುಕೊಂಡು ಕೂತಿರಬೇಕಾ? ಗೋಡೆ ಮೇಲಿರೋದನ್ನ ಮುಟ್ಟಬೇಡಿ ರೀ," ಎಂದೆ.

"ಮುಟ್ಟಲ್ಲ ಕಣೇ. ಅದರ ಪಕ್ಕಕ್ಕೇ ಇದನ್ನ ಕೊಡ್ತೀನಿ."

ಹೀಗೆ ಥರ್ಮೋಸ್ಟಾಟಿಗೆ ಸವತಿ ಬಂದಳು. ಪಕ್ಕಕ್ಕೆ ಕೊಡುವುದಕ್ಕೆ ಪ್ಯಾರಲಲ್ ಅನ್ನುತ್ತಾರೆ. ಗಣೇಶನ ಹಬ್ಬದ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬು ಮುನಿಸಿಕೊಂಡರೆ ಇಡೀ ಸಾಲು ಕತ್ತಲು. ಅಲ್ಲಿ ಎಲ್ಲರ ಒಪ್ಪಿಗೆ ಬೇಕು. ಪ್ಯಾರಲಲ್‌ನಲ್ಲಿ ಹಾಗಲ್ಲ. ಇಬ್ಬರಲ್ಲಿ ಒಬ್ಬರು ಬೇಕು ಅಂದರೆ ಸಾಕು, ಹೀಟರ್ ಹೊತ್ತಿಕೊಳ್ಳುತ್ತದೆ. ಬೇಡ ಅನ್ನುವುದಾದರೆ ಇಬ್ಬರೂ ಅನ್ನಬೇಕು. ಯೋಚಿಸಿದರೆ ನಮ್ಮ ಪುರಾಣದ ವರಗಳದ್ದೂ ಇದೇ ವೈರಿಂಗು: ಯಾವ ದೇವರು ಬೇಕಾದರೂ ಕೊಡಬಹುದು, ಪಕ್ಕದ ದೇವರು ಅದನ್ನು ಆಫ್ ಮಾಡುವಂತಿಲ್ಲ. ಇಂಜಿನಿಯರಿಗೆ ಇದು ಹೊಳೆದದ್ದು ಕೆಲಸ ಮುಗಿದ ಮೇಲೆ. ಕಂಪ್ಯೂಟರಿಗೆ ಹದಿನಾರು ಹೇಳಿಕೊಟ್ಟು ಬಂದು ಕುಳಿತರು. ನಾನು ಹಜಾರಕ್ಕೆ ಹೋಗಿ ಇಪ್ಪತ್ತೆರಡಕ್ಕೆ ತಿರುಗಿಸಿದೆ. ಬಿಸಿಗಾಳಿ ಬಂತು. ಅವರು ಸ್ವಲ್ಪ ಹೊತ್ತು ಜಾಲರಿಯನ್ನು ನೋಡಿದರು. ಆಮೇಲೆ ಪೇಪರ್ ಓದಿದರು.

ಹೆಮ್ಮೆಗೇನೂ ಕಡಿಮೆಯಿರಲಿಲ್ಲ. ಸಿಡ್ನಿಯಲ್ಲಿರುವ ಅಳಿಯ ಕಾರ್ತಿಕ್‌ನಿಂದ ಇಂಟರ್ನೆಟ್ಟಿನಲ್ಲಿ ಒಂದು ಪೇಜ್ ಬರೆಸಿಕೊಂಡರು. ಅವನು ಅಲ್ಲಿ ಬಟನ್ ಒತ್ತಿದರೆ ಇಲ್ಲಿ ನಮ್ಮ ಹೀಟರ್. ಬೆಳಗಾದರೆ ಕಂಪ್ಯೂಟರ್ ತಾನೇ ಹದಿನಾರಕ್ಕೆ ಮರಳುತ್ತದೆ. ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಇದರ ಡೆಮೊ.

ಆ ಚಳಿಗಾಲ ಮಗಳು ನಂದಿನಿಯ ಬಾಣಂತನಕ್ಕೆ ನಾನು ಸಿಡ್ನಿಗೆ ಹೊರಡಬೇಕಾಯಿತು. ಹಿಂದಿನ ವರ್ಷ ಇದೇ ಹೊತ್ತಿಗೆ ಇವರು ನ್ಯುಮೋನಿಯಾ ತಂದುಕೊಂಡು ಬಾಕ್ಸ್ ಹಿಲ್‌ನಲ್ಲಿ ಆಸ್ಪತ್ರೆ ಸೇರಿದ್ದವರು. ಮನೆ ಬೆಚ್ಚಗಿರಲಿ ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು. ನಾನು ಅದನ್ನು ಅಪ್ಪಣೆ ಎಂದುಕೊಂಡೆ, ಇವರು ಡಾಕ್ಟರ ಅಭಿಪ್ರಾಯ ಎಂದುಕೊಂಡರು. ನಾನಿಲ್ಲದ ಮನೆಯಲ್ಲಿ ಹದಿನಾರಕ್ಕಿಟ್ಟು ಬರೀ ಬನಿಯನ್ನಿನಲ್ಲಿ ಕೂರುತ್ತಾರೆ, ಈ ಸಲ ಆಂಬುಲೆನ್ಸಿಗೆ ಫೋನ್ ಮಾಡಲು ಯಾರೂ ಇರುವುದಿಲ್ಲ. ವಿಮಾನದಲ್ಲಿ ಉದ್ದಕ್ಕೂ ನನಗೆ ಇದೇ ಚಿಂತೆ.

ಸಿಡ್ನಿಯವರು ತಮ್ಮೂರಿನಲ್ಲಿ ಚಳಿಯೇ ಇಲ್ಲ ಅನ್ನುತ್ತಾರೆ. ಅದಕ್ಕೆ ಸಾಕ್ಷಿಯಾಗಿ ಮನೆಗಳಿಗೆ ಸರಿಯಾದ ಹೀಟರನ್ನೇ ಇಡುವುದಿಲ್ಲ. ಬಾಣಂತಿಗೆ ಸ್ಕಾರ್ಫ್ ಕಟ್ಟಿ, ಮಗುವಿಗೆ ಕುಲಾವಿ ಹಾಕಿ, ಸಾಂಬ್ರಾಣಿ ಹೊಗೆಗೆ ಕಿರುಚಿಕೊಂಡ ಸ್ಮೋಕ್ ಅಲಾರಂಗೆ ಟವೆಲ್ ಬೀಸಿ ಸಮಾಧಾನ ಮಾಡಿ, ಅಳಿಯನನ್ನು ಕೇಳಿದೆ.

"ಆ ಬಟನ್ ಇನ್ನೂ ಕೆಲಸ ಮಾಡತ್ತೇನಪ್ಪ?"

"ಮಾಡತ್ತೆ ಅತ್ತೆ. ಆದ್ರೆ ಮಾವ ಬೈತಾರೆ."

"ಬೈಯೋಕೂ ಉಸಿರು ಬೇಕಲ್ಲ. ಇಪ್ಪತ್ತೊಂದಕ್ಕೆ ಇಡು."

"ಅಮ್ಮ, ಯೂ ಆರ್ ಟೆರಿಬಲ್," ಎಂದಳು ಬಾಣಂತಿ.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಇದು ಸಣ್ಣ ಸಂಗತಿಯಲ್ಲ. ನಮ್ಮವರು ಫೋನ್ ಮಾಡುವವರಲ್ಲ. ಬಂದ ಫೋನಿಗೆ 'ಹೂಂ' ಅಂದು ನನ್ನ ಕೈಗೆ ಕೊಡುವವರು.

"ಏನೇ, ಮನೆ ದೋಸೆ ಕಾವಲಿ ಆಗಿದೆ. ಹದಿನಾರಕ್ಕೆ ಇಳಿಸಿದ್ರೂ ನಿಲ್ತಿಲ್ಲ."

"ಹೌದೇನ್ರೀ? ಪ್ಯಾರಲಲ್ ಅಲ್ವಾ."

ಇಂಜಿನಿಯರಿಗೆ ಲೆಕ್ಕ ಸಿಕ್ಕಿತು.

"ಆ ರಿಲೇ ವೈರ್ ಕಿತ್ತಾಕ್ತೀನಿ ನೋಡ್ತಿರು."

"ಕಿತ್ತಾಕಿ. ಸ್ಕ್ರೂಡ್ರೈವರ್ ಅಡುಗೆಮನೆ ಡ್ರಾಯರ್‌ನಲ್ಲಿದೆ. ಊಟ ಆಯ್ತಾ?"

ಆಗಿತ್ತು. ಹುಳಿ ಮಾಡಿಕೊಂಡಿದ್ದರಂತೆ, ಇಂಗಿನ ಡಬ್ಬಿ ಸಿಕ್ಕಲಿಲ್ಲವಂತೆ. ಮರುದಿನ ಸಂಜೆಯೂ ನಾನು ಒತ್ತಿದೆ, ಅವರು ಫೋನ್ ಮಾಡಿ ಬೈದರು. ಅದೇ ರೂಢಿಯಾಯಿತು. ಬೈಗುಳ ಮುಗಿದ ಮೇಲೆ ಹಿತ್ತಲ ನಿಂಬೆಗಿಡ, ಪಕ್ಕದ ಮನೆಯ ಬೆಕ್ಕು, ಮಗುವಿನ ಮೂಗು ಯಾರದ್ದು ಎಂಬ ವಿಚಾರ. ಎದುರುಬದುರು ಕೂತಾಗ ಇವರು ಇಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ವೈರ್ ಕೀಳುವುದು ಎರಡು ಸ್ಕ್ರೂ ಬಿಚ್ಚುವ ಕೆಲಸ. ಜೀವಮಾನವೆಲ್ಲ ಅದನ್ನೇ ಮಾಡಿದವರಿಗೆ ಈಗ ಪುರುಸೊತ್ತಾಗುತ್ತಿಲ್ಲ ಎಂದು ನಾನೂ ನಂಬಿದೆ.

ಒಂದು ಸಂಜೆ ಮಗುವಿಗೆ ಹೊಟ್ಟೆನೋವು. ಹೆಗಲ ಮೇಲೆ ಹಾಕಿಕೊಂಡು ತಿರುಗುತ್ತ ಬಟನ್ ಮರೆತೆ. ಫೋನ್ ಬಂತು.

"ಏನೇ, ಸರ್ವರ್ ಡೌನ್ ಆಗಿದ್ಯಾ?"

"ಯಾಕ್ರೀ?"

"ಏನಿಲ್ಲ. ಮನೆ ತಣ್ಣಗಿದೆ."

ನಮ್ಮ ಮನೆಯ ಫೋನ್ ಇರುವುದು ಹಜಾರದಲ್ಲಿ. ಅಲ್ಲಿ ನಿಂತು ಕೈ ಚಾಚಿದರೆ ಥರ್ಮೋಸ್ಟಾಟ್ ಸಿಗುತ್ತದೆ. ಅದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಫೋನನ್ನು ಕತ್ತಿಗೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮೌಸ್ ಹಿಡಿದು ಒತ್ತಿದೆ. ಇಬ್ಬರೂ ಕಾದೆವು. ಆ ಕಡೆ ಜಾಲರಿ ಉಸಿರುಬಿಟ್ಟದ್ದು ನನಗೂ ಕೇಳಿಸಿತು.

"ಬಂತು," ಎಂದರು. ಆಮೇಲೆ, ಅಭ್ಯಾಸಬಲದಿಂದ, "ಸೆಕೆ" ಎಂದರು.